ಹಳೇ ಕೋರ್ 2 ಡ್ಯುಯೋ ಪಕ್ಕದಲ್ಲಿ ಹೊಸ ಐ3: ವಿರಾಜಪೇಟೆಯ ನಮ್ಮ ಡಿಟಿಪಿ ಅಂಗಡಿಯ ಅನುಭವ

ಹಳೇ ಡೆಸ್ಕ್‌ಟಾಪ್ ತುಂಬಾ ನಿಧಾನ ಆಯ್ತು ಅಂತ ಹೊಸದು ತೆಗೆದುಕೊಳ್ಳಲು ಹೊರಟಿದ್ದೀರಾ? ಸ್ವಲ್ಪ ತಡೆಯಿರಿ. ಮೊದಲು ಅದರ ಹಾರ್ಡ್ ಡಿಸ್ಕ್ ತೆಗೆಸಿ ಒಂದು ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಫೈಲ್ ಇಡುವ ಡಿಸ್ಕ್) ಹಾಕಿಸಿ ನೋಡಿ. ಎರಡೂ ಕಾಲದ ಯಂತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ದಿನಾ ದುಡಿಯುವವರ ಮಾತು ಇದು.

ವಿರಾಜಪೇಟೆಯಲ್ಲಿ ನಮ್ಮದು ಟೈಪಿಂಗ್, ಡಿಟಿಪಿ, ಝೆರಾಕ್ಸ್ ಅಂಗಡಿ. ಮದುವೆ ಕಾಗದ, ತೋಟದ ಲೆಕ್ಕ, ಪಹಣಿ, ಅರ್ಜಿ, ಫೋಟೋ ಆಲ್ಬಂ, ಎಲ್ಲ ಬರುತ್ತದೆ. ಹಳೇ ಯಂತ್ರದಲ್ಲಿರುವುದು ಇಂಟೆಲ್ ಕೋರ್ 2 ಡ್ಯುಯೋ ಇ7400. 2008ರಲ್ಲಿ ಬಂದ ಪ್ರೊಸೆಸರ್, ಎರಡು ಕೋರ್, 2.8 ಗಿಗಾಹರ್ಟ್ಸ್. ಜೊತೆಗೆ 4 ಜಿಬಿ ಡಿಡಿಆರ್2 ರ್‍ಯಾಮ್. ಹೊಸದರಲ್ಲಿ 2022ರ ಕೋರ್ ಐ3-12100. ನಾಲ್ಕು ಕೋರ್, 3.3 ಗಿಗಾಹರ್ಟ್ಸ್, ಭಾರ ಬಿದ್ದಾಗ 4.3ರ ತನಕ ಏರುತ್ತದೆ. 16 ಜಿಬಿ ಡಿಡಿಆರ್4 ರ್‍ಯಾಮ್, ಎನ್‌ವಿಎಂಇ ಅನ್ನುವ ಇನ್ನೂ ವೇಗದ ಬಗೆಯ ಎಸ್‌ಎಸ್‌ಡಿ.

ಗಿಗಾಹರ್ಟ್ಸ್ (ಪ್ರೊಸೆಸರ್ ಸೆಕೆಂಡಿಗೆ ಎಷ್ಟು ಸಲ ಬಡಿಯುತ್ತದೆ ಅನ್ನುವ ಲೆಕ್ಕ) ಮಾತ್ರ ನೋಡಿದರೆ 2.8ಕ್ಕೂ 3.3ಕ್ಕೂ ಏನು ದೊಡ್ಡ ವ್ಯತ್ಯಾಸ ಅನಿಸುತ್ತದೆ, ಅಲ್ವಾ? ಆ ಅಂಕಿ ನಂಬಬೇಡಿ. ಅದಕ್ಕೂ ಹಿಂದಿನ ಪೆಂಟಿಯಂ 4 ಕಾಲದಲ್ಲೇ 3 ಗಿಗಾಹರ್ಟ್ಸ್ ಬಂದಿತ್ತು. ಆದರೂ ಕಡಿಮೆ ಗಿಗಾಹರ್ಟ್ಸ್‌ನ ಕೋರ್ 2 ಡ್ಯುಯೋ ಅದನ್ನು ಸುಲಭವಾಗಿ ಹಿಂದೆ ಹಾಕಿತು. ಒಂದೊಂದು ಬಡಿತಕ್ಕೆ ಪ್ರೊಸೆಸರ್ ಎಷ್ಟು ಕೆಲಸ ಮುಗಿಸುತ್ತದೆ, ಪದೇಪದೇ ಬೇಕಾದದ್ದನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳುವ ಒಳಗಿನ ಕ್ಯಾಶ್ ಮೆಮೊರಿ ಎಷ್ಟಿದೆ, ಇದು ಮುಖ್ಯ. ಇ7400ರಲ್ಲಿ ಕ್ಯಾಶ್ 3 ಎಂಬಿ. ಐ3ಯಲ್ಲಿ ನಾಲ್ಕೂ ಕೋರ್ ಹಂಚಿಕೊಳ್ಳುವ ಕ್ಯಾಶೇ 12 ಎಂಬಿ.

ಇಷ್ಟಿದ್ದರೂ ನಮ್ಮ ಅಂಗಡಿಯಲ್ಲಿ ಹಳೇ ಯಂತ್ರದ ನಿಧಾನಕ್ಕೆ ಪ್ರೊಸೆಸರ್ ಕಾರಣ ಆಗಿರಲಿಲ್ಲ. ಬೆಳಿಗ್ಗೆ ಶಟರ್ ಎತ್ತಿ ಸ್ವಿಚ್ ಒತ್ತಿದರೆ ಮುಂದಿನ ಕೆಂಪು ಲೈಟ್ ಒಂದೇ ಸಮ ಉರಿಯುತ್ತಿತ್ತು. ಒಳಗಿಂದ ಕರಕರ ಸದ್ದು. ಡೆಸ್ಕ್‌ಟಾಪ್ ಕಂಡ ಮೇಲೂ ಮೌಸ್ ಒತ್ತಿದರೆ ಏನೂ ತೆರೆಯುತ್ತಿರಲಿಲ್ಲ. ಆ್ಯಂಟಿವೈರಸ್ ತನ್ನ ಕೆಲಸ ಶುರು ಮಾಡಿದರಂತೂ ಗಿರಾಕಿ ಎದುರಿಗೆ ಸುಮ್ನೆ ಕೂರಬೇಕು. ಆ ಹೊತ್ತಿನಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ಪ್ರೊಸೆಸರ್ ಹತ್ತು ಹದಿನೈದು ಪರ್ಸೆಂಟ್ ಕೂಡ ದಾಟಿರುತ್ತಿರಲಿಲ್ಲ. ಕಾಯಿಸುತ್ತಿದ್ದದ್ದು ಡಿಸ್ಕ್.

ಲೆಕ್ಕ ಸುಲಭ. ಡೆಸ್ಕ್‌ಟಾಪ್‌ನ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8 ಮಿಲಿಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ. ಬೇಕಾದ ಜಾಗ ಓದುವ ಮುಳ್ಳಿನ (ಹೆಡ್) ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಆಚೀಚೆ ಸರಿಯಲು ಇನ್ನೂ 8-9 ಮಿಲಿಸೆಕೆಂಡ್. ಅಂದರೆ ಚದುರಿ ಬಿದ್ದ ಸಣ್ಣ ಫೈಲ್‌ಗಳಾದರೆ ಸೆಕೆಂಡಿಗೆ ನೂರು ಕೂಡ ಓದಲು ಆಗುವುದಿಲ್ಲ. ವಿಂಡೋಸ್ ಏಳುವಾಗ ಹೆಚ್ಚಾಗಿ ಓದುವುದು ಇಂಥ ಸಣ್ಣ ಫೈಲ್‌ಗಳನ್ನೇ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಹಾಗಾಗಿ ಆ ಕಾಯುವ ಕೆಲಸವೂ ಇಲ್ಲ.

ನಮ್ಮ ಹಳೇ ಬೋರ್ಡಿನಲ್ಲಿ ಡಿಸ್ಕ್ ಚುಚ್ಚುವ ಸಾಟಾ ಪೋರ್ಟ್ ಹಳೇ ತಲೆಮಾರಿನದು. ಅದರಲ್ಲಿ ಎಸ್‌ಎಸ್‌ಡಿ ಹಾಕಿದರೆ ಪೂರ್ತಿ ವೇಗ ಸಿಗುವುದಿಲ್ಲ, ಅರ್ಧಕ್ಕೆ ನಿಲ್ಲುತ್ತದೆ ಅಂತ ರಿಪೇರಿಯವರು ಮೊದಲೇ ಹೇಳಿದ್ದರು. ನಿಜವೇ. ಆದರೆ ಆ ಅರ್ಧವೇ ಸಾಕಾಯಿತು. ಸ್ವಿಚ್ ಒತ್ತಿ ದೇವರ ಫೋಟೋಗೆ ಊದುಬತ್ತಿ ಹಚ್ಚಿ ಬರುವುದರೊಳಗೆ ಯಂತ್ರ ರೆಡಿ. ನುಡಿಯಲ್ಲಿ ಟೈಪಿಂಗ್, ಪೇಜ್‌ಮೇಕರ್‌ನಲ್ಲಿ ಮದುವೆ ಕಾಗದ, ಟ್ಯಾಲಿಯಲ್ಲಿ ತೋಟದ ಲೆಕ್ಕ, ಈ ಮೂರರಲ್ಲಿ ಇವತ್ತಿಗೂ ಹಳೇ ಯಂತ್ರಕ್ಕೂ ಹೊಸದಕ್ಕೂ ಕೈಗೆ ತಿಳಿಯುವಂಥ ವ್ಯತ್ಯಾಸ ಇಲ್ಲ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಒಂದೇ ಕೋರ್ ಇದ್ದ ಕಾಲದ ಪ್ರೋಗ್ರಾಂ ಅದು. ನಾಲ್ಕು ಕೋರ್ ಕೊಟ್ಟರೂ ಅದಕ್ಕೆ ಬೇಕಿಲ್ಲ.

ಹಾಗಾದರೆ ಹೊಸದು ಯಾಕೆ ಬೇಕು? ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಅಂಗಡಿಗೆ ಬಂದು ನೋಡಿ. ಇಲ್ಲಿ ಅದು ಮದುವೆ ಕಾಲ. ಕಕ್ಕಡ ತಿಂಗಳು (ಜುಲೈ-ಆಗಸ್ಟ್) ಬಂದರೆ ಮದುವೆ ಇಲ್ಲ, ಮಳೆಯೂ ಜೋರು, ಹಾಗಾಗಿ ಬೇಸಿಗೆಯಲ್ಲೇ ಎಲ್ಲ ಒಟ್ಟಿಗೆ ಬರುತ್ತದೆ. ಗೋಣಿಕೊಪ್ಪದ ಕಡೆಯ ಫೋಟೋಗ್ರಾಫರ್ ಹುಡುಗ ಕಾರ್ಡ್ ತುಂಬ 24 ಮೆಗಾಪಿಕ್ಸೆಲ್ ಫೋಟೋ ತರುತ್ತಾನೆ. "ಅಣ್ಣ, ಸಂಜೆಯೊಳಗೆ ಕೊಡ್ತೀರಾ?" ಅಂತ ಕೇಳುತ್ತಾನೆ. ಹಳೇ ಯಂತ್ರದಲ್ಲಿ ಬಣ್ಣ ಸರಿಮಾಡಿ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದ ತನಕ ಅದೇ ಕೆಲಸ. ಅಷ್ಟು ಹೊತ್ತು ಬೇರೆ ಯಾವುದನ್ನೂ ಮುಟ್ಟುವಂತಿಲ್ಲ. ಎಸ್‌ಎಸ್‌ಡಿ ಹಾಕಿದರೂ ಇದು ಬದಲಾಗಲಿಲ್ಲ, ಯಾಕೆಂದರೆ ಇಲ್ಲಿ ನಿಜವಾಗಿ ದುಡಿಯುವುದು ಪ್ರೊಸೆಸರ್. ಹೊಸ ಐ3ಯಲ್ಲಿ ಅಷ್ಟೇ ಫೋಟೋ ಒಂದು ಟೀ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ. ಆ ಹೊತ್ತಿನಲ್ಲಿ ಪಕ್ಕದ ವಿಂಡೋದಲ್ಲಿ ಟೈಪಿಂಗ್ ಕೂಡ ಮಾಡಬಹುದು. ಮದುವೆ ವಿಡಿಯೋ ಕಟ್ ಮಾಡುವುದಾದರೆ ಅಂತರ ಇನ್ನೂ ಹೆಚ್ಚು. ಐ3ಯ ಒಳಗಿನ ಗ್ರಾಫಿಕ್ಸ್‌ಗೆ ವಿಡಿಯೋ ಬಿಚ್ಚಿ ಕಟ್ಟುವ ಕೆಲಸ ಗೊತ್ತು. ಹಳೇ ಯಂತ್ರದಲ್ಲಿ ಆ ಭಾರವನ್ನೂ ಪ್ರೊಸೆಸರ್ ಒಂದೇ ಹೊರಬೇಕು. ಇಂಟರ್ನೆಟ್ ಇದ್ದಾಗ ಯೂಟ್ಯೂಬ್‌ನಲ್ಲಿ 1080ಪಿ ಹಾಕಿದರೂ ಅದು ತಡವರಿಸುತ್ತಿತ್ತು.

ಆನ್‌ಲೈನ್ ಅರ್ಜಿಗಳಲ್ಲಿ ಮಾತ್ರ ಹೊಸ ಯಂತ್ರದಿಂದ ಹೆಚ್ಚೇನೂ ನಿರೀಕ್ಷೆ ಬೇಡ. ಆ ಕಡೆಯ ಸರ್ವರ್ ನಿಧಾನ ಇದ್ದರೆ ಇಬ್ಬರಿಗೂ ಒಂದೇ ಗತಿ.

ಕೊಡಗಿನವರು ವೇಗಕ್ಕಿಂತ ಮೊದಲು ಯೋಚಿಸಬೇಕಾದದ್ದು ಮಳೆಗಾಲದ ಬಗ್ಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ನಾಲ್ಕು ದಿನ ಬೀಗ ಹಾಕಿ ಬಂದು ಸ್ವಿಚ್ ಒತ್ತಿದರೆ ಹಳೇ ಯಂತ್ರ ಬೀಪ್ ಬೀಪ್ ಅನ್ನುತ್ತದೆ, ಪರದೆ ಕಪ್ಪು. ಪ್ಲಗ್ ಎಳೆದು ಡಬ್ಬ ಬಿಚ್ಚಿ, ರ್‍ಯಾಮ್ ಕಾರ್ಡಿನ ಹೊಳೆಯುವ ಅಂಚನ್ನು ಮಕ್ಕಳ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಮತ್ತೆ ಕೂರಿಸಿದರೆ ಎದ್ದುಬಿಡುತ್ತದೆ. ಹೊಸದು ಈ ತನಕ ಹಾಗೆ ಮಾಡಿಲ್ಲ, ಆದರೆ ತೇವ ಅದನ್ನೂ ಬಿಡುವುದಿಲ್ಲ. ಅದಕ್ಕೇ ಮಳೆಗಾಲದಲ್ಲಿ ಕೆಲಸ ಇರಲಿ ಬಿಡಲಿ, ದಿನಾ ಸ್ವಲ್ಪ ಹೊತ್ತು ಎರಡನ್ನೂ ಓಡಿಸುತ್ತೇವೆ. ಒಳಗಿನ ಬಿಸಿಗೆ ಒಣಗುತ್ತದೆ.

ಕರೆಂಟಿನ ವಿಷಯದಲ್ಲಿ ಹೊಸದು ನಿಜವಾಗಿ ಮೇಲು. ಹಳೇ ಯಂತ್ರ ಮತ್ತು ಅದರ ಜೊತೆ ಬಂದ ದಪ್ಪ ಮಾನಿಟರ್ ಇದ್ದಾಗ ಯುಪಿಎಸ್ ಫೈಲ್ ಸೇವ್ ಮಾಡುವಷ್ಟು ಹೊತ್ತು ಮಾತ್ರ ತಡೆಯುತ್ತಿತ್ತು. ಈಗಿನ ಯಂತ್ರ, ಎಲ್‌ಇಡಿ ಮಾನಿಟರ್ ಎರಡೂ ಸೇರಿ ಎಳೆಯುವ ಕರೆಂಟ್ ಕಡಿಮೆ. ಅದೇ ಅಳತೆಯ ಯುಪಿಎಸ್‌ನಲ್ಲಿ ಕೈಯಲ್ಲಿದ್ದ ಪುಟ ಮುಗಿಸಿ, ಪ್ರಿಂಟ್‌ಗೆ ಸೇವ್ ಮಾಡಿ, ನಿಧಾನವಾಗಿ ಆಫ್ ಮಾಡಬಹುದು. ಕಾಫಿಗೆ ಹೂಮಳೆ ಬರುವ ಮಾರ್ಚ್-ಏಪ್ರಿಲ್‌ನಲ್ಲಿ ಗುಡುಗು ಸಿಡಿಲು ಜಾಸ್ತಿ. ಆಗ ಯುಪಿಎಸ್ ನಂಬಿ ಕೂರಬೇಡಿ, ಪ್ಲಗ್ಗನ್ನೇ ಎಳೆಯಿರಿ. ಇಂಟರ್ನೆಟ್ ವೈರನ್ನೂ. ನಮ್ಮ ಹಳೇ ಬೋರ್ಡಿನ ಲ್ಯಾನ್ ಪೋರ್ಟ್ ಸತ್ತದ್ದು ಫೋನ್ ಲೈನಿನ ಮೂಲಕ ಬಂದ ಸಿಡಿಲಿನಿಂದ.

ಎಸ್‌ಎಸ್‌ಡಿಯ ಒಂದು ಕೆಟ್ಟ ಗುಣ ಹೇಳಲೇಬೇಕು. ಹಾರ್ಡ್ ಡಿಸ್ಕ್ ಕೆಡುವ ಮೊದಲು ಹೆಚ್ಚಾಗಿ ಸದ್ದು ಮಾಡಿ ಎಚ್ಚರಿಸುತ್ತದೆ. ನಾವು ಮೊದಲು ಹಾಕಿಸಿದ ಅಗ್ಗದ ಎಸ್‌ಎಸ್‌ಡಿ ರಾತ್ರಿ ಸರಿ ಇತ್ತು, ಬೆಳಿಗ್ಗೆ ಕಾಣಿಸಲೇ ಇಲ್ಲ. ಫೈಲ್‌ಗಳ ಇನ್ನೊಂದು ಕಾಪಿ ಹೊರಗಿನ ಡಿಸ್ಕಿನಲ್ಲಿ ಇತ್ತು, ಬಚಾವ್. ಒಂದಿಷ್ಟು ದುಡ್ಡು ಜಾಸ್ತಿ ಆದರೂ ಒಳ್ಳೆಯದನ್ನೇ ತೆಗೆದುಕೊಳ್ಳಿ, ಗ್ಯಾರಂಟಿ ಎಷ್ಟು ವರ್ಷ ಅಂತ ಕೇಳಿ.

ಈಗ ಹಳೇ ಯಂತ್ರದಲ್ಲಿ ವಿಂಡೋಸ್ 7 ಇದೆ, ಇಂಟರ್ನೆಟ್ ತೆಗೆದುಬಿಟ್ಟಿದ್ದೇವೆ. ವಿಂಡೋಸ್ 7ಕ್ಕೆ ಸಪೋರ್ಟ್ ಕೊಡುವುದನ್ನು ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಕೈಬಿಟ್ಟಿತು, ಕ್ರೋಮ್ ಕೂಡ 2023ರಿಂದ ಹೊಸ ಆವೃತ್ತಿ ಕೊಡುತ್ತಿಲ್ಲ. ಅದರಲ್ಲಿ ಬ್ಯಾಂಕ್ ಕೆಲಸ ಮಾಡುವುದು ಬೇಡವೇ ಬೇಡ. ಟೈಪಿಂಗ್‌ಗೆ, ಮತ್ತೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಅದು ಬೇಕೇ ಬೇಕು. ತೋಟದ ಬಿಲ್ಲುಗಳನ್ನು ಕಾರ್ಬನ್ ಇಟ್ಟು ಹೊಡೆಯುವ ಆ ಪ್ರಿಂಟರಿನ ಅಗಲ ಪ್ಲಗ್ ಚುಚ್ಚಲು ನಮ್ಮ ಹೊಸ ಬೋರ್ಡಿನಲ್ಲಿ ಜಾಗವೇ ಇಲ್ಲ.

ಬೆಂಗಳೂರು, ಮೈಸೂರಿನ ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗಳನ್ನು ಈಗ ತುಂಬಾ ಜನ ವಿಚಾರಿಸುತ್ತಿದ್ದಾರೆ. ತೆಗೆದುಕೊಳ್ಳಬಹುದು. ಆದರೆ ಬರೀ "ಐ5" ಅಂತ ಸ್ಟಿಕರ್ ನೋಡಿ ದುಡ್ಡು ಕೊಡಬೇಡಿ, ಯಾವ ಜನರೇಷನ್ ಅಂತ ಕೇಳಿ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ಜನರೇಷನ್ ಅಥವಾ ಅದರ ಮೇಲಿನದು ಬೇಕು, ಬೋರ್ಡಿನಲ್ಲಿ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಇರಬೇಕು. ಅಂಗಡಿಯಲ್ಲೇ ಆನ್ ಮಾಡಿಸಿ, ಇವೆರಡನ್ನೂ ಪರದೆಯ ಮೇಲೆ ಕಣ್ಣಾರೆ ನೋಡಿ ಆಮೇಲೆ ದುಡ್ಡು ಕೊಡಿ.