ಪಟ್ಟಿ, ಟೈಮರ್, ಕಾದಿಟ್ಟ ಗಂಟೆ: ಉಳಿತಾಯದ ಗುರಿಗೆ ಮೂರನ್ನೂ ಬಳಸಿ ನೋಡಿದೆ

ಆರು ತಿಂಗಳ ಖರ್ಚಿಗೆ ಸಾಕಾಗುವಷ್ಟು ದುಡ್ಡನ್ನು ಬೇರೆ ಇಡಬೇಕು. ಇದು ನನ್ನ ಗುರಿ. ನಾಳೆ ಕೆಲಸ ಹೋದರೂ, ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೂ ಸಾಲಕ್ಕೆ ಕೈ ಚಾಚಬಾರದು ಅಂತ.

ಕೂತು ಲೆಕ್ಕ ಹಾಕಿದೆ. ಸಂಬಳದಲ್ಲಿ ನೂರಕ್ಕೆ 90 ಖರ್ಚಾಗಿ 10 ಉಳಿದರೆ, ಆರು ತಿಂಗಳ ಖರ್ಚು ಅಂದರೆ 5.4 ತಿಂಗಳ ಸಂಬಳ. ಅಷ್ಟು ಕೂಡಬೇಕಾದರೆ 54 ತಿಂಗಳು. ನಾಲ್ಕೂವರೆ ವರ್ಷ! ಪಾರ್ಟ್ ಟೈಮ್ ಕೆಲಸ ಮಾಡಿ ಇನ್ನೊಂದು 10 ಸೇರಿಸಿದರೆ 27 ತಿಂಗಳಿಗೇ ಆಗುತ್ತದೆ. ಹಾಗಾಗಿ ಪುಸ್ತಕಗಳ ಕರಡು ತಿದ್ದುವ ಕೆಲಸ ಹಿಡಿದೆ. ಪುಟಕ್ಕೆ ಇಷ್ಟು ಅಂತ ದುಡ್ಡು. ಎಷ್ಟು ಪುಟ ಮುಗಿಯಿತು ಅನ್ನುವುದರ ಮೇಲೆ ಗುರಿ ಹತ್ತಿರ ಬರುತ್ತದೆ, ಇಲ್ಲಾ ದೂರ ಹೋಗುತ್ತದೆ.

ಕೈಯಲ್ಲಿದ್ದದ್ದು ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಐದು ದಿನ. ಅದನ್ನು ಹೇಗೆ ಬಳಸಿದರೆ ಜಾಸ್ತಿ ಕೆಲಸ ಆಗುತ್ತದೆ? ಮೂರು ವಿಧಾನಗಳನ್ನು ತಲಾ ನಾಲ್ಕು ವಾರ ಬಳಸಿದೆ. ದಿನಾ ಮುಗಿದ ಪುಟಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಮೊದಲು, ಎಲ್ಲರೂ ಮಾಡುವ ಕೆಲಸದ ಪಟ್ಟಿ. ಬೆಳಿಗ್ಗೆ ಎದ್ದು ಇವತ್ತು ಆಗಬೇಕಾದ್ದನ್ನೆಲ್ಲ ಬರೆಯುವುದು, ಮುಗಿದ ಹಾಗೆ ಗೀಟು ಹಾಕುವುದು. ನಾಲ್ಕು ವಾರಕ್ಕೆ 96 ಪುಟ. ಪಟ್ಟಿಯ ತೊಂದರೆ ಎರಡನೇ ವಾರಕ್ಕೇ ಗೊತ್ತಾಯಿತು. ಅದರಲ್ಲಿ ‘ಕರೆಂಟ್ ಬಿಲ್ ಕಟ್ಟುವುದು’ ಒಂದು ಸಾಲು, ‘ಮೂರನೇ ಅಧ್ಯಾಯ ತಿದ್ದುವುದು’ ಕೂಡ ಒಂದೇ ಸಾಲು. ಮೊದಲನೆಯದು ಎರಡು ನಿಮಿಷದ್ದು, ಎರಡನೆಯದು ನಾಲ್ಕು ಗಂಟೆಯದ್ದು. ಕೈ ತಾನಾಗಿಯೇ ಸಣ್ಣದರ ಕಡೆ ಹೋಗುತ್ತದೆ. ದಿನದ ಕೊನೆಗೆ ಒಂಬತ್ತು ಸಾಲಿಗೆ ಗೀಟು ಬಿದ್ದಿರುತ್ತದೆ, ದುಡ್ಡು ತರುವ ಸಾಲು ಮಾತ್ರ ಹಾಗೇ ಉಳಿದಿರುತ್ತದೆ. ಇನ್ನೊಂದು, ನನ್ನ ಅಂದಾಜು ಯಾವತ್ತೂ ಕಡಿಮೆಯೇ. ನಾಲ್ಕು ಗಂಟೆಯ ಕೆಲಸಕ್ಕೆ ಎರಡು ಗಂಟೆ ಸಾಕು ಅಂದುಕೊಳ್ಳುತ್ತಿದ್ದೆ. ಮನುಷ್ಯರೆಲ್ಲ ಹೀಗೇ ಅಂತ ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲೇ ಬರೆದಿದ್ದಾರೆ. ಪಟ್ಟಿ ಈ ತಪ್ಪನ್ನು ತೋರಿಸುವುದೇ ಇಲ್ಲ, ಯಾಕೆಂದರೆ ಅದರಲ್ಲಿ ಗಡಿಯಾರವೇ ಇಲ್ಲ.

ಎರಡನೆಯದು ಪೊಮೊಡೊರೊ. 25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಾದ ಮೇಲೆ ದೊಡ್ಡ ಬಿಡುವು. ಇಟಲಿಯ ಫ್ರಾನ್ಸೆಸ್ಕೊ ಸಿರಿಲೊ 1980ರ ದಶಕದ ಕೊನೆಯಲ್ಲಿ, ಓದುವ ದಿನಗಳಲ್ಲಿ ಕಂಡುಕೊಂಡದ್ದು. ಅವರ ಹತ್ತಿರ ಇದ್ದ ಟೈಮರ್ ಟೊಮೆಟೊ ಆಕಾರದ್ದು, ಇಟಾಲಿಯನ್ ಭಾಷೆಯಲ್ಲಿ ಟೊಮೆಟೊಗೆ ಪೊಮೊಡೊರೊ ಅನ್ನುತ್ತಾರೆ, ಹೆಸರು ಅದರಿಂದಲೇ ಬಂತು.

ಇದು ನನಗೆ ನಿಜವಾಗಿ ಉಪಕಾರ ಮಾಡಿತು. ಆಫೀಸಿನಿಂದ ದಣಿದು ಬಂದಾಗ ‘ಅಧ್ಯಾಯ ಮುಗಿಸು’ ಅಂದರೆ ಮನಸ್ಸು ಏಳುವುದಿಲ್ಲ. ‘25 ನಿಮಿಷ ಕೂತರೆ ಸಾಕು’ ಅಂದರೆ ಏಳುತ್ತದೆ. ನಾಲ್ಕು ವಾರಕ್ಕೆ 131 ಪುಟ ಆಯಿತು.

ಆದರೆ ಒಂದು ಸಂಜೆಯ ಕಥೆ ಹೇಳಬೇಕು. ಒಂದು ಪುಟದ ಅಡಿಟಿಪ್ಪಣಿಗಳ ಸಂಖ್ಯೆ ತಪ್ಪಿತ್ತು. ಮೇಲೆ 17 ಅಂತಿದೆ, ಕೆಳಗೆ 18 ಅಂತಿದೆ. ತಪ್ಪು ಎಲ್ಲಿಂದ ಶುರುವಾಯಿತು ಅಂತ ಎಡಗೈ ಬೆರಳನ್ನು ಸಾಲಿನ ಮೇಲಿಟ್ಟು, ಬಲಗೈಯಲ್ಲಿ ಹಿಂದಿನ ಪುಟಗಳನ್ನು ಒಂದೊಂದಾಗಿ ಮಗುಚುತ್ತಾ ಹೋಗುತ್ತಿದ್ದೆ. 16 ತಪ್ಪು, 15 ತಪ್ಪು... ಅಷ್ಟರಲ್ಲಿ ಟೈಮರ್ ಕೂಗಿತು. ನಿಯಮ ಅಂದರೆ ನಿಯಮ ಅಂತ ಎದ್ದೆ. ವಾಪಸ್ ಬಂದು ಕೂತರೆ ಬೆರಳು ಎಲ್ಲಿತ್ತು ಅಂತಲೇ ನೆನಪಿಲ್ಲ. ಮತ್ತೆ ಮೊದಲಿಂದ. ಆ ತಪ್ಪು ಹಿಡಿಯಲು ಎರಡು ಸುತ್ತು ಹೋಯಿತು. ಕರಡು ತಿದ್ದುವುದು, ಲೆಕ್ಕ ತಾಳೆ ನೋಡುವುದು, ಕೋಡ್ ಬರೆಯುವುದು, ಇಂಥ ಕೆಲಸಗಳಲ್ಲಿ ಎಳೆ ಹಿಡಿಯಲಿಕ್ಕೇ ಹತ್ತು ಹದಿನೈದು ನಿಮಿಷ ಬೇಕು. ಹಿಡಿದ ಎಳೆ ಕೈಗೆ ಬರುವ ಹೊತ್ತಿಗೆ ಗಂಟೆ ಹೊಡೆದರೆ ಹೇಗೆ?

ಮೂರನೆಯದು ಗಂಟೆ ಕಾದಿಡುವುದು. ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಒಂದೇ ಕೆಲಸ. ಕ್ಯಾಲೆಂಡರಿನಲ್ಲಿ ಆ ಜಾಗಕ್ಕೆ ಬಣ್ಣ ಹಚ್ಚಿ ಮನೆಯವರಿಗೂ ಹೇಳಿಟ್ಟೆ. ಫೋನ್ ಬೇರೆ ಕೋಣೆಯಲ್ಲಿ. ಏನು ಮಾಡಬೇಕು ಅಂತ ಹಿಂದಿನ ರಾತ್ರಿಯೇ ಒಂದು ಚೀಟಿಯಲ್ಲಿ ಬರೆದಿಡುತ್ತಿದ್ದೆ, ಹಾಗಾಗಿ ಬೆಳಿಗ್ಗೆ ಯೋಚಿಸುವ ಕೆಲಸ ಇರಲಿಲ್ಲ. ನಾಲ್ಕು ವಾರಕ್ಕೆ 168 ಪುಟ.

ಅಷ್ಟೊತ್ತಿಗೆ ಕೈ ಪಳಗಿತ್ತು, ಅದಕ್ಕೇ ಜಾಸ್ತಿ ಆಗಿರಬಹುದು ಅಂತ ನನಗೂ ಅನ್ನಿಸಿತು. ಆದ್ದರಿಂದ ಬೆಳಗಿನ ಅದೇ ಹೊತ್ತಿನಲ್ಲಿ ಒಂದು ವಾರ ಮತ್ತೆ ಟೈಮರ್ ಹಿಡಿದೆ. 35 ಪುಟ. ಗಂಟೆ ಕಾದಿಟ್ಟಾಗ ವಾರಕ್ಕೆ 42 ಬೀಳುತ್ತಿತ್ತು. ವ್ಯತ್ಯಾಸ ಇದೆ ಅಲ್ವಾ? ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ ಅಂತ ಸಂಶೋಧಕಿ ಸೋಫಿ ಲೆರೋಯ್ 2009ರಲ್ಲಿ ತೋರಿಸಿದ್ದರು. ಬಿಡುವಿನ ಐದು ನಿಮಿಷದಲ್ಲಿ ಫೋನ್ ತೆರೆದು ಮೆಸೇಜ್ ನೋಡಿದ ದಿನಗಳಲ್ಲಿ ನನಗೆ ಆಗುತ್ತಿದ್ದದ್ದು ಅದೇ.

ಗಂಟೆ ಕಾದಿಡುವುದರಲ್ಲೂ ಒಂದು ದೊಡ್ಡ ಕೊರತೆ ಇದೆ. ಒಂದು ಬೆಳಗು ಕೈತಪ್ಪಿದರೆ ಆ ದಿನ ಪೂರ್ತಿ ಹೋದಂತೆ. ಮೂರನೇ ವಾರ ಜ್ವರ ಬಂದು ಎರಡು ದಿನ ಏಳಲಾಗಲಿಲ್ಲ, ಅದನ್ನು ತುಂಬಿಸಲು ಶನಿವಾರ, ಭಾನುವಾರ ಎರಡೂ ದಿನ ಕೂರಬೇಕಾಯಿತು. ಚಿಕ್ಕ ಮಕ್ಕಳಿರುವ ಮನೆಯಲ್ಲಿ, ಶಿಫ್ಟ್ ಕೆಲಸ ಮಾಡುವವರಿಗೆ ಒಂದೂವರೆ ಗಂಟೆ ಒಟ್ಟಿಗೆ ಸಿಗುವುದೇ ಕಷ್ಟ. ಅವರಿಗೆ ಟೈಮರ್ರೇ ಒಳ್ಳೆಯದು ಅಂತ ನಾನು ಖಂಡಿತ ಹೇಳುತ್ತೇನೆ.

ದುಡ್ಡಿನ ಲೆಕ್ಕ ಬರೆಯುವ ವಿಷಯಕ್ಕೆ ಬಂದರೆ ತೀರ್ಪು ತಿರುಗುತ್ತದೆ. ಖರ್ಚು ಬರೆಯುವುದು, ಬಿಲ್ ಹೊಂದಿಸುವುದು, ಖಾತೆ ನೋಡುವುದು, ಇದಕ್ಕೆ ಒಂದೂವರೆ ಗಂಟೆ ಕೊಟ್ಟೆ, ಒಂದೂವರೆ ಗಂಟೆಯನ್ನೂ ತಿಂದಿತು. ಕೊಟ್ಟಷ್ಟು ಸಮಯಕ್ಕೂ ಕೆಲಸ ಹಿಗ್ಗುತ್ತದೆ ಅಂತ 1955ರಲ್ಲಿ ಬ್ರಿಟಿಷ್ ಲೇಖಕ ಪಾರ್ಕಿನ್ಸನ್ ಹೇಳಿದ್ದು ಇದನ್ನೇ. ಈಗ ವಾರಕ್ಕೊಮ್ಮೆ, ಟೈಮರ್ ಇಟ್ಟು, ಒಂದೇ ಸುತ್ತು. 25 ನಿಮಿಷದಲ್ಲಿ ಮುಗಿಯುತ್ತದೆ. ದಿನಾ ಬರೆದು ನೋಡಿದ್ದೆ, ಒಂದು ದಿನ ತಪ್ಪಿದರೆ ಪೂರ್ತಿ ಬಿಟ್ಟುಬಿಡುವಂತಾಗುತ್ತಿತ್ತು.

ಉಳಿತಾಯದ ಹಣಕ್ಕೆ ಮಾತ್ರ ಸಮಯವೇ ಬೇಡ. ಸಂಬಳ ಬಂದ ಮಾರನೇ ದಿನ ಅದು ತಾನಾಗಿ ಬೇರೆ ಖಾತೆಗೆ ಹೋಗುವ ಹಾಗೆ ಬ್ಯಾಂಕಿಗೆ ಒಂದು ಸಲ ಹೇಳಿಟ್ಟಿದ್ದೇನೆ. ಹಿಂದೆಲ್ಲ ತಿಂಗಳ ಕೊನೆಗೆ ಉಳಿದದ್ದನ್ನು ಹಾಕೋಣ ಅಂತ ಕಾಯುತ್ತಿದ್ದೆ. ಉಳಿಯುತ್ತಲೇ ಇರಲಿಲ್ಲ.

ಹಾಗಂತ ಪಟ್ಟಿಯನ್ನು ಬಿಸಾಕಿಲ್ಲ. ತಲೆಯಲ್ಲಿ ಸುತ್ತುವ ಚಿಲ್ಲರೆ ಕೆಲಸಗಳನ್ನು ಅದರಲ್ಲಿ ಇಳಿಸಿಬಿಟ್ಟರೆ ಬೆಳಗಿನ ಗಂಟೆಗೆ ತಲೆ ಖಾಲಿ ಇರುತ್ತದೆ. ಜ್ವರದ ವಾರದ ನಂತರ ಇನ್ನೊಂದು ಬದಲಾವಣೆ ಮಾಡಿಕೊಂಡೆ. ಕೆಲಸದ ಬೆಳಗು ನಾಲ್ಕೇ ಅಂತ ಲೆಕ್ಕ ಹಿಡಿದು, ಐದನೆಯದನ್ನು ಖಾಲಿ ಬಿಡುತ್ತೇನೆ. ವಾರದಲ್ಲಿ ಏನಾದರೂ ತಪ್ಪಿದರೆ ಅದು ಅಲ್ಲಿಗೆ ಹೋಗುತ್ತದೆ. ತಪ್ಪದಿದ್ದರೆ ಆವತ್ತು ನಿದ್ದೆ.