ನೀಲಿ ನೀರು ಹಳದಿ ಆಯ್ತು ಅಂದ ತಕ್ಷಣ ಇಂಜಿನ್ ಬಿಚ್ಚಿಸಬೇಡಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಹದಿನೈದು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಆದರೂ ಬೆರಳುದ್ದದ ಕೊಳವೆಯಲ್ಲಿ ಬಣ್ಣದ ನೀರು ತೋರಿಸಿ ನನ್ನಿಂದ 27,500 ರೂಪಾಯಿ ಕಿತ್ತುಕೊಂಡರು.

ಕಳೆದ ತಿಂಗಳು ಧರ್ಮಸ್ಥಳಕ್ಕೆ ಹೋಗಿ ಹಾಸನಕ್ಕೆ ವಾಪಸ್ ಬರುತ್ತಿದ್ದೆವು. ಶಿರಾಡಿ ಘಾಟಿಯಲ್ಲಿ ಲಾರಿಗಳ ಸಾಲು, ಮುಕ್ಕಾಲು ಗಂಟೆ ನಿಂತಲ್ಲೇ. ಟೆಂಪರೇಚರ್ ಮುಳ್ಳು ಏರಿತು. ಸಾಲು ಕರಗಿ ಗಾಡಿ ಓಡಿದಾಗ ತಾನೇ ಇಳಿಯಿತು. ಮತ್ತೆ ನಿಂತರೆ ಮತ್ತೆ ಏರಿತು. ಓಡಿದಾಗ ಇಳಿಯುತ್ತಿತ್ತು, ಇದನ್ನು ನೆನಪಿಟ್ಟುಕೊಳ್ಳಿ. ಗ್ಯಾರೇಜಿನವನಿಗೆ ಇದನ್ನು ನಾನೇ ಹೇಳಿದ್ದೆ. ನನ್ನ ಬಾಯಿಂದಲೇ!

ಘಾಟಿ ಹತ್ತಿದ ಮೇಲೆ ಹೆದ್ದಾರಿ ಪಕ್ಕದ ಒಂದು ಗ್ಯಾರೇಜಿಗೆ ಬಿಟ್ಟೆ. ಬಾನೆಟ್‌ನಿಂದ ಹಬೆ ಬರುತ್ತಿತ್ತು. ಮಕ್ಕಳನ್ನು ಕರೆದುಕೊಂಡು ಬಸ್ಸಿಗೆ ಹೋಗಿ ನಿಂತಿದ್ದೆ, ಹನ್ನೆರಡೇ ನಿಮಿಷಕ್ಕೆ ವಾಟ್ಸಾಪ್‌ನಲ್ಲಿ ವಿಡಿಯೋ ಬಂತು. ಕೊಳವೆಯೊಳಗೆ ಹಳದಿ ನೀರು. "ಸಾರ್, ನೀಲಿ ಇದ್ದಿದ್ದು ಹಳದಿ ಆಗಿದೆ ನೋಡಿ. ಕೂಲೆಂಟಿಗೆ ಇಂಜಿನ್ ಗ್ಯಾಸ್ ಸೇರ್ತಿದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ. ಹೀಗೇ ಓಡಿಸಿದ್ರೆ ಇಂಜಿನ್ನೇ ಹೋಗುತ್ತೆ."

ಕೂಲೆಂಟ್ ಅಂದರೆ ಇಂಜಿನ್ ತಣ್ಣಗಿಡುವ ದ್ರವ. ಸಿಲಿಂಡರಿನ ಹೊಗೆ ಅದಕ್ಕೆ ಸೇರದಂತೆ ಇಂಜಿನ್ ಒಳಗೆ ತಡೆಯುವ ಸೀಲು ಹೆಡ್ ಗ್ಯಾಸ್ಕೆಟ್. ಈ ಟೆಸ್ಟ್ ಸುಳ್ಳಲ್ಲ. ರೇಡಿಯೇಟರ್ ಬಾಯಿಗೆ ಕೊಳವೆ ಇಟ್ಟು, ರಬ್ಬರ್ ಬಲ್ಬ್ ಒತ್ತಿ, ಕೂಲೆಂಟ್ ಮೇಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಸಿಲಿಂಡರಿನ ಹೊಗೆ ಸೇರಿದ್ದರೆ ಅದರಲ್ಲಿನ ಕಾರ್ಬನ್ ಡೈ ಆಕ್ಸೈಡ್‌ಗೆ ಬಣ್ಣ ತಿರುಗುತ್ತದೆ. ನಾನೂ ಎಲ್ಲೋ ಓದಿದ್ದೆ. ಓದಿದ್ದೇ ತಪ್ಪಾಯ್ತು, ಅರ್ಧ ಗೊತ್ತಿದ್ದವನು ಬೇಗ ಬೀಳುತ್ತಾನೆ. ಬಾಮೈದನಿಗೆ ಕಳಿಸಿದೆ, ಅವನೂ "ಹೌದು ಭಾವ, ಹೆಡ್ ಹೋಗಿದೆ" ಅಂದ. ಮಾಡಿ ಅಂದುಬಿಟ್ಟೆ. ಗ್ಯಾಸ್ಕೆಟ್, ಹೆಡ್ ಫೇಸಿಂಗ್, ಬೋಲ್ಟ್, ಕೂಲೆಂಟ್, ಲೇಬರ್, ಎಲ್ಲ ಸೇರಿ 27,500.

ಎಂಟನೇ ದಿನ ಹಾಸನದ ಸಿಗ್ನಲ್‌ನಲ್ಲಿ ಮುಳ್ಳು ಮತ್ತೆ ಮೇಲೆ.

ಫೋನ್ ಮಾಡಿದೆ. "ಹಳೇ ಗಾಡಿ ಸಾರ್, ಒಂದು ಸರಿ ಮಾಡಿದ್ರೆ ಇನ್ನೊಂದು ಬರುತ್ತೆ." ಗಾಡಿ ತಂದು ತೋರಿಸಲಾ ಅಂದೆ. "ಈ ವಾರ ಫುಲ್ ಬಿಜಿ."

ಮನೆ ಹತ್ತಿರ ಒಬ್ಬರು ವಯಸ್ಸಾದ ಮೆಕ್ಯಾನಿಕ್ ಇದ್ದಾರೆ. ಅವರ ಹತ್ತಿರ ಮೊದಲೇ ಹೋಗಬೇಕಿತ್ತು, ಅದು ಬೇರೆ ಮಾತು. ಅವರು ಎಸಿ ಹಾಕಿಸಿ ಬಗ್ಗಿ ನೋಡಿದರು. ರೇಡಿಯೇಟರ್ ಫ್ಯಾನ್ ತಿರುಗುತ್ತಿಲ್ಲ. ಸ್ಪ್ಯಾನರ್ ಹಿಡಿಯಿಂದ ಮೋಟಾರಿಗೆ ಟಕ್ ಅಂತ ಒಂದು ಕೊಟ್ಟರು. ತಿರುಗಿತು. "ಕಾರ್ಬನ್ ಬ್ರಶ್ ಸವೆದಿದೆ ಸ್ವಾಮಿ. ಓಡುವಾಗ ಗಾಳಿ ಬಡಿಯುತ್ತೆ, ತಣ್ಣಗಿರುತ್ತೆ. ನಿಂತರೆ ಫ್ಯಾನೇ ಗತಿ." ಮೋಟಾರ್ ಬದಲಾಯಿಸಲು 3,800.

ವಿಡಿಯೋ ತೋರಿಸಿದೆ. ಅವರು ನಕ್ಕು ತಮ್ಮದೇ ಕೊಳವೆ ತಂದರು. ಹೊಸ ನೀಲಿ ದ್ರವ ಹಾಕಿ, ತಳದ ತೂತಿನ ಹತ್ತಿರ ಬಾಯಿಯಿಟ್ಟು ಉಸಿರು ಬಿಡುತ್ತಾ ಬಲ್ಬ್ ಒತ್ತಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು. ಬರೀ ಉಸಿರಿಗೆ! ಆಮೇಲೆ ಬಾಗಿಲ ಬಳಿ ನಿಂತು ಸುಮ್ನೆ ಹೊರಗಿನ ಗಾಳಿ ಎಳೆದರು. ಮೆಲ್ಲಗೆ ಮತ್ತೆ ನೀಲಿ. ನನ್ನ 27,500 ರೂಪಾಯಿ ಆ ಕೊಳವೆಯಲ್ಲಿ ಬಣ್ಣ ಬದಲಾಯಿಸುತ್ತಾ ಕೂತಿತ್ತು. "ಸೈಲೆನ್ಸರ್ ಹತ್ತಿರ ಹಿಡಿದ್ರೆ ಇನ್ನೂ ಬೇಗ" ಅಂದರು.

ಆಮೇಲೆ ಕೇಳಿದರು, "ಕುದಿಯೋ ಗಾಡಿ ಮುಚ್ಚಳ ಹನ್ನೆರಡು ನಿಮಿಷಕ್ಕೆ ಯಾರು ತೆಗೀತಾರೆ? ಮುಖ ಸುಟ್ಟುಹೋಗುತ್ತೆ." ಇಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು, ಕೂಲೆಂಟ್ ಎರಡು ಇಂಚು ಇಳಿಸಿ, ಆಮೇಲೆ ಸ್ಟಾರ್ಟ್ ಮಾಡಿ ಬಿಸಿ ಮಾಡಬೇಕಂತೆ. ವಿಡಿಯೋ ಮತ್ತೆ ಹಾಕಿದೆ. ಹತ್ತು ಸಲ ನೋಡಿದ್ದ ವಿಡಿಯೋ. ಕೊನೆಯಲ್ಲಿ ಫೋನ್ ಸ್ವಲ್ಪ ವಾಲುತ್ತದೆ, ಮೂಲೆಯಲ್ಲಿ ರೇಡಿಯೇಟರ್ ಮುಚ್ಚಳ ಕಾಣುತ್ತದೆ. ಮುಚ್ಚಿಯೇ ಇದೆ. ಹತ್ತು ಸಲ ನೋಡಿದವನಿಗೆ ಹಳದಿ ಬಿಟ್ಟು ಬೇರೇನೂ ಕಂಡಿರಲಿಲ್ಲ.

ಮತ್ತೆ ಫೋನ್. "ಟೆಸ್ಟ್ ಆದ್ಮೇಲೆ ಮುಚ್ಚಿದ್ವಿ ಸಾರ್." ಕುದಿಯುತ್ತಿದ್ದ ಗಾಡಿ ಹೇಗೆ ತೆಗೆದ್ರಿ? "ನಮ್ಮ ಹುಡುಗನಿಗೆ ಅಭ್ಯಾಸ ಇದೆ." ಈಗ ಟೆಸ್ಟ್ ಮಾಡಿದರೆ ನೀಲಿಯೇ ಬರುತ್ತಿದೆಯಲ್ಲ? "ನಾವು ಗ್ಯಾಸ್ಕೆಟ್ ಹಾಕಿದ್ದಕ್ಕೇ ಅಲ್ವಾ ಸಾರ್ ನೀಲಿ ಬರ್ತಿರೋದು!" ಇದಕ್ಕೆ ಏನು ಹೇಳೋಣ? ಹಳೇ ಗ್ಯಾಸ್ಕೆಟ್ ಕೊಡಿ ಅಂದರೆ ಗುಜರಿಗೆ ಹೋಯಿತಂತೆ.

ಟೆಸ್ಟ್ ನಿಮ್ಮ ಎದುರೇ ಆಗಲಿ, ದ್ರವ ನೀಲಿ ಇರುವಾಗಿನಿಂದ. ಹಳದಿ ಬಂದರೆ ಹೊಸ ದ್ರವ ಹಾಕಿ ಇನ್ನೊಮ್ಮೆ ಮಾಡಿಸಿ. ಅದಕ್ಕೂ ಮೊದಲು ಫ್ಯಾನ್ ತಿರುಗುತ್ತಾ ನೋಡಿ. ಬಿಚ್ಚಿದ ಸಾಮಾನು ಕೈಗೆ ಕೊಡದೆ ದುಡ್ಡು ಕೊಡಬೇಡಿ. ವಿಡಿಯೋ ಕಳಿಸ್ತೀವಿ ಅಂದರೆ ಬೇಡ ಅನ್ನಿ.

ನಿನ್ನೆ ಅವನಿಂದ ಮೆಸೇಜ್ ಬಂತು: "ಬೇಜಾರಾಗ್ಬೇಡಿ ಸಾರ್, ಮುಂದಿನ ಸರ್ವಿಸ್‌ಗೆ ಡಿಸ್ಕೌಂಟ್ ಕೊಡ್ತೀವಿ." ಕೆಳಗೆ ಎರಡು ಕೈ ಮುಗಿದ ಚಿತ್ರ.