ಚಿತ್ರ ಮಾರಿ ದೇಣಿಗೆ ಕೊಡಲು ಯಾವ ದಾರಿ ಒಳ್ಳೆಯದು?

ಮಲೆನಾಡಿನ ಮನೆಗೋಡೆಗಳ ಜನಪದ ಚಿತ್ರವಾದ ಹಸೆ ಚಿತ್ತಾರವನ್ನು ಬಟ್ಟೆ, ಕಾಗದದ ಮೇಲೆ ಬರೆದು ಆನ್‌ಲೈನಿನಲ್ಲಿ ಮಾರುತ್ತೇನೆ. ಬಂದದ್ದರಲ್ಲಿ ಒಂದು ಪಾಲು ಒಂದು ಟ್ರಸ್ಟಿಗೆ ಹೋಗುತ್ತದೆ. ಕ್ಯಾನ್ಸರ್ ಚಿಕಿತ್ಸೆಗೆಂದು ದೂರದ ಊರುಗಳಿಂದ ಬೆಂಗಳೂರಿಗೆ ಬರುವ ಮಕ್ಕಳ ಮನೆಯವರಿಗೆ ಉಳಿದುಕೊಳ್ಳಲು ಆ ಟ್ರಸ್ಟಿನವರು ಜಾಗ ಕೊಡುತ್ತಾರೆ. ಎಲ್ಲಿ ಮಾರಿದರೆ ಆ ಪಾಲು ದಾರಿಯಲ್ಲಿ ಸವೆಯದೆ ಅವರಿಗೆ ಮುಟ್ಟುತ್ತದೆ ಎಂಬುದೇ ನನಗೆ ಮುಖ್ಯ. ಹೆಚ್ಚು ಮಾರಾಟ ಎಲ್ಲಾಗುತ್ತದೆ ಎಂಬುದು ಆಮೇಲಿನ ಮಾತು.

ಮೊದಲು ಎಟ್ಸಿ, ಕೈಕೆಲಸದ ವಸ್ತುಗಳನ್ನು ಮಾರುವ ಅಮೆರಿಕದ ಜಾಲತಾಣ. ಲೆಕ್ಕ ತೊಡಕಾಗಿರುವುದು ಅಲ್ಲೇ. ಒಂದು ಚಿತ್ರ ಹಾಕಲು 20 ಸೆಂಟ್. ನಾಲ್ಕು ತಿಂಗಳಲ್ಲಿ ಮಾರಾಟವಾಗದಿದ್ದರೆ ಮತ್ತೆ 20 ಸೆಂಟ್. ಮಾರಿದ ಮೇಲೆ 6.5% ಕಮಿಷನ್. 2022ರ ಏಪ್ರಿಲ್‌ಗೆ ಮೊದಲು ಇದು 5% ಇತ್ತು. ಚಿತ್ರದ ಬೆಲೆಯ ಜೊತೆಗೆ ಗಿರಾಕಿ ಕೊಡುವ ಅಂಚೆ ವೆಚ್ಚದ ಮೇಲೂ ಇದು ಬೀಳುತ್ತದೆ. ಎಟ್ಸಿ ಹೊರಗೆ ಕೊಟ್ಟ ಜಾಹೀರಾತು ನೋಡಿ ಯಾರಾದರೂ ಕೊಂಡರೆ ಇನ್ನೂ 15%. ನಮ್ಮಂಥ ಸಣ್ಣ ಮಾರಾಟಗಾರರು ಇದನ್ನು ಬೇಡವೆನ್ನಬಹುದು, ಆದರೆ ಸೆಟ್ಟಿಂಗ್ಸ್‌ನಲ್ಲಿ ನಾವೇ ಆಫ್ ಮಾಡಬೇಕು. ಚಿತ್ರ 5000 ರೂಪಾಯಿ, ಅಂಚೆ 1000 ಎಂದಿಟ್ಟುಕೊಳ್ಳಿ. ಕಮಿಷನ್ 390, ಜಾಹೀರಾತು 900, ಅಂಚೆಗೇ ಹೋಗುವ 1000, ಪಾವತಿ ಶುಲ್ಕ ಬೇರೆ. ಟ್ರಸ್ಟಿಗೆ 1500 ಕೊಡುವುದಾಗಿ ಬರೆದಿದ್ದರೆ ನನಗೆ ಉಳಿಯುವುದು ಹೆಚ್ಚೆಂದರೆ 2200. ಬಟ್ಟೆ, ಪ್ಯಾಕಿಂಗ್, ಪುಂಡಿನಾರಿನ ಕುಂಚ ಹಿಡಿದು ದಿನಗಟ್ಟಲೆ ಎಳೆದ ಗೆರೆ, ಎಲ್ಲಕ್ಕೂ ಅಷ್ಟೇ.

ಇಲ್ಲೊಂದು ಮಾತು ಹೇಳಲೇಬೇಕು. ‘ಲಾಭದ 30% ದಾನಕ್ಕೆ’ ಎಂದು ಬರೆಯುವ ರೂಢಿಯಿದೆ, ನನಗದು ಒಪ್ಪಿಗೆಯಿಲ್ಲ. ನನ್ನ ಲಾಭ ಎಷ್ಟೆಂದು ಕೊಳ್ಳುವವರಿಗೆ ಗೊತ್ತಾಗುವ ಬಗೆಯೇ ಇಲ್ಲ. ಪ್ರತಿ ಚಿತ್ರದ ಕೆಳಗೆ ‘ಇದರಿಂದ ಟ್ರಸ್ಟಿಗೆ 1500 ರೂಪಾಯಿ’ ಎಂದೇ ಹಾಕಬೇಕು. ಖರ್ಚು ಏರಿದರೆ ಆ ಹೊರೆ ನನ್ನದು, ಮಕ್ಕಳದ್ದಲ್ಲ.

ಪ್ರಿಂಟ್ ಮಾಡಿ ತಾವೇ ಕಳಿಸುವ ತಾಣಗಳಲ್ಲಿ ಮಗ್, ಚೀಲ, ಪೋಸ್ಟರ್ ಎಲ್ಲದರ ಮೇಲೂ ಚಿತ್ತಾರ ಬರುತ್ತದೆ, ಕೊರಿಯರ್ ತಲೆನೋವಿಲ್ಲ. ಆದರೆ ಮೂಲ ದರದ ಮೇಲೆ 20% ಇಟ್ಟರೆ 1200 ರೂಪಾಯಿಯ ಪೋಸ್ಟರಿನಲ್ಲಿ ಕಲಾವಿದರಿಗೆ ಸಿಗುವುದು 200. ಅರ್ಧ ದಾನಕ್ಕೆ ಎಂದರೂ ನೂರೇ ರೂಪಾಯಿ. ಕೆಮ್ಮಣ್ಣಿನ ನೆಲ, ಅಕ್ಕಿಹಿಟ್ಟಿನ ಬಿಳುಪು, ಗುರಿಗೆ ಕಾಯಿಯ ಹಳದಿ, ಯಾವುದೂ ಆ ಅಚ್ಚಿನಲ್ಲಿ ಉಳಿಯುವುದಿಲ್ಲ. ನಾನು ನಿಲ್ಲಿಸಿಬಿಟ್ಟೆ.

ವಾಟ್ಸ್ಆಪ್ ಗುಂಪಿನಲ್ಲಿ ಹರಾಜು ಹಾಕಿದಾಗ ಬೆಲೆ ಚೆನ್ನಾಗಿ ಏರಿತು, ಕಮಿಷನ್ನೂ ಇಲ್ಲ. ಆದರೆ ಕೂಗುವವರು ಪರಿಚಯದವರೇ. ಒಳ್ಳೆಯ ಕೆಲಸ, ಇಲ್ಲವೆನ್ನುವುದು ಹೇಗೆ ಎಂಬ ದಾಕ್ಷಿಣ್ಯಕ್ಕೆ ಬೆಲೆ ಏರಿಸುತ್ತಾರೆ. ಅದನ್ನು ಮತ್ತೆ ಮತ್ತೆ ಮಾಡಲು ನನಗೆ ಮನಸ್ಸಾಗಲಿಲ್ಲ.

ಕೊನೆಗೆ ನೆಚ್ಚಿಕೊಂಡದ್ದು ಇನ್‌ಸ್ಟಾಗ್ರಾಂ ಮತ್ತು ಎರಡು ಕ್ಯೂಆರ್ ಕೋಡ್. ಒಂದು ನನ್ನದು, ಇನ್ನೊಂದು ಟ್ರಸ್ಟಿನದು. ಚಿತ್ರದ ಬೆಲೆ 3500 ಎಂದೇ ಹಾಕುತ್ತೇನೆ. ಮನಸ್ಸಿದ್ದವರು 1500 ಅಥವಾ ತಮಗೆ ತೋಚಿದ್ದನ್ನು ನೇರವಾಗಿ ಟ್ರಸ್ಟಿಗೆ ಕಳಿಸಬಹುದು. ಕೊಡಲೇಬೇಕೆಂಬ ಷರತ್ತಿಲ್ಲ. ಷರತ್ತು ಹಾಕಿದರೆ ಅದು ದೇಣಿಗೆಯಾಗಿ ಉಳಿಯದು, ಬೆಲೆಯೇ ಆಗಿಬಿಡುತ್ತದೆ. ಹೆಚ್ಚಿನವರು ಕೊಡುತ್ತಾರೆ, ಕೆಲವರು ಹೇಳಿದ್ದಕ್ಕಿಂತ ಜಾಸ್ತಿಯೇ ಕೊಡುತ್ತಾರೆ. ಯುಪಿಐ ಆದ್ದರಿಂದ ನಡುವೆ ಯಾರೂ ಪಾಲು ಕೇಳುವುದಿಲ್ಲ. ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ 80ಜಿ ರಸೀದಿ ದೇಣಿಗೆ ಕೊಟ್ಟವರ ಹೆಸರಿಗೇ ಬರುತ್ತದೆ. ನಾನು ಮಾರಿ ನಾನೇ ಕೊಟ್ಟರೆ ರಸೀದಿ ನನ್ನ ಹೆಸರಿಗೆ, ಕೊಂಡವರಿಗೆ ಏನೂ ಇಲ್ಲ. ಆದಾಯ ತೆರಿಗೆಯ ಹೊಸ ಪದ್ಧತಿ ಆರಿಸಿಕೊಂಡವರಿಗೆ 80ಜಿ ವಿನಾಯಿತಿ ಸಿಗದು, ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ನನಗೆ ಇದರಲ್ಲಿ ಹೆಚ್ಚು ಹಿಡಿಸಿದ್ದು ಬೇರೆಯೇ: ದಾನದ ದುಡ್ಡು ನನ್ನ ಖಾತೆಯನ್ನು ಮುಟ್ಟುವುದೇ ಇಲ್ಲ, ಯಾರೂ ನನ್ನ ಮಾತನ್ನು ನಂಬಿ ಕೂರಬೇಕಾಗಿಲ್ಲ.

ಈ ದಾರಿ ಕೆಲಸಕ್ಕೆ ಬಾರದಿರುವುದು ಹೊರದೇಶದ ಗಿರಾಕಿಗಳಿಗೆ. ಅಮೆರಿಕದ ಪೌರತ್ವ ಪಡೆದವರು, ಹುಟ್ಟಿದ್ದು ಶಿವಮೊಗ್ಗದ ಸಾಗರದಲ್ಲೇ ಆಗಿರಲಿ, ಭಾರತ ಮೂಲದ ವಿದೇಶಿಯರಿಗೆ ಕೊಡುವ ಓಸಿಐ ಕಾರ್ಡೇ ಇರಲಿ, ನೇರವಾಗಿ ದೇಣಿಗೆ ಕಳಿಸಿದರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದ ಟ್ರಸ್ಟ್ ಅದನ್ನು ಪಡೆಯುವಂತಿಲ್ಲ. ನೋಂದಣಿ ಇದ್ದರೂ 2020ರ ತಿದ್ದುಪಡಿಯ ಪ್ರಕಾರ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಕೊಟ್ಟರೆ ಈ ತೊಡಕಿಲ್ಲ. ಹಾಗಾಗಿ ವಿದೇಶಿ ಗಿರಾಕಿಗಳಿಗೆಂದು ಎಟ್ಸಿಯನ್ನು ಉಳಿಸಿಕೊಂಡಿದ್ದೇನೆ, ಹೊರಗಿನ ಜಾಹೀರಾತು ಆಫ್ ಮಾಡಿ. ಅವರು ಚಿತ್ರ ಕೊಳ್ಳುತ್ತಾರೆ, ಬರೆದಷ್ಟು ರೂಪಾಯಿಯನ್ನು ನನ್ನ ಖಾತೆಯಿಂದ ನಾನು ಕೊಟ್ಟು ರಸೀದಿಯ ಫೋಟೋ ಕಳಿಸುತ್ತೇನೆ.

ಯಾವ ದಾರಿ ಹಿಡಿದರೂ ಟ್ರಸ್ಟಿನ ಹೆಸರು ಹಾಕುವ ಮೊದಲು ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಅವರ 80ಜಿ ನೋಂದಣಿ ಇನ್ನೂ ಊರ್ಜಿತದಲ್ಲಿದೆಯೇ ನೋಡಿ. ವರ್ಷದ ದೇಣಿಗೆಗೆ ತೆರಿಗೆ ವಿನಾಯಿತಿಗೆ ಬೇಕಾದ ಪ್ರಮಾಣಪತ್ರ ಕೊಡುತ್ತಾರೆಯೇ ಎಂದೂ ಕೇಳಿಕೊಳ್ಳಿ.